ಗಾಳದಕ್ಕ ಬಿಡುವ ಎಳೆ

ನಮ್ಮ ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಹಾಸಿಗೆಯ ಬಟ್ಟೆ, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಮೇಲಿನಿಂದ ಕೊಳಕಾಗಿ ಬಂದು ಇಲ್ಲಿಂದ ಬೆಳ್ಳಗಾಗಿ ಹೋಗಬೇಕು. ನಾನು ಅಲ್ಲಿನ ಮೇಸ್ತ್ರಿ. ಹಬೆ, ಸೋಪಿನ ವಾಸನೆ, ಯಂತ್ರಗಳ ಗದ್ದಲ. ಅಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ನನ್ನ ಗಂಟಲು ಇಷ್ಟು ದೊಡ್ಡದಾಗಿದ್ದಕ್ಕೆ ಅದೇ ಕಾರಣ ಅಂತ ನಾನು ಹೇಳುತ್ತೇನೆ. ನನ್ನ ಹೆಂಡತಿ ಒಪ್ಪುವುದಿಲ್ಲ.

ಬಟ್ಟೆಯ ಲೆಕ್ಕವೂ ಕಂಪ್ಯೂಟರಿಗೆ ಹೋದ ಮೇಲೆ ನನಗೂ ಒಂದು ಮೇಲ್ ವಿಳಾಸ ಕೊಟ್ಟರು. ಅದರ ಜೊತೆಗೆ ಗಾಳದಕ್ಕನ ಕಾಟ ಶುರುವಾಯಿತು.

ಆಸ್ಪತ್ರೆಗಳ ಕಂಪ್ಯೂಟರಿಗೆ ಕಳ್ಳರು ನುಗ್ಗುವುದು ಹೆಚ್ಚಾಗಿ ಮೇಲ್ ಮೂಲಕವಂತೆ. ಯಾರೋ ಒಬ್ಬ ಆಸೆಗೋ ಭಯಕ್ಕೋ ಬಿದ್ದು ಒತ್ತಬಾರದ್ದನ್ನು ಒತ್ತುತ್ತಾನೆ. ಕಳ್ಳ ಒಳಗೆ ಬರುತ್ತಾನೆ. ಆಮೇಲೆ ರೋಗಿಗಳ ಜಾತಕವೆಲ್ಲ ಅವನ ಕೈಯಲ್ಲಿ. ಅದಕ್ಕೆ ಆಸ್ಪತ್ರೆಯವರೇ ಆಗಾಗ ಕಳ್ಳರ ಹಾಗೆ ಸುಳ್ಳು ಮೇಲ್ ಕಳಿಸಿ ನಮ್ಮನ್ನು ಪರೀಕ್ಷೆ ಮಾಡುತ್ತಾರೆ. ಒತ್ತಿದರೆ ಪರದೆ ಕೆಂಪಗಾಗಿ, ಬಾಯಿಗೆ ಕೊಕ್ಕೆ ಸಿಕ್ಕಿಸಿಕೊಂಡ ಮೀನಿನ ಚಿತ್ರವೊಂದು ಬರುತ್ತದೆ. ಕೆಳಗೆ ‘ಸಿಕ್ಕಿಬಿದ್ದಿರಿ!’ ಅಂತ ಇರುತ್ತದೆ. ಸಿಕ್ಕಿಬಿದ್ದವರು ಲಿಫ್ಟಿನ ಪಕ್ಕದ ಕೋಣೆಗೆ ಹೋಗಿ ಪಾಠ ಕೇಳಬೇಕು. ಆ ಮೇಲ್ ಬರೆಯುವವಳೂ ಪಾಠ ಹೇಳುವವಳೂ ಒಬ್ಬಳೇ. ನಮ್ಮ ವಯಸ್ಸಿನವಳು, ಕನ್ನಡಕ, ಯಾವಾಗಲೂ ಒಂದು ಬೂದು ಸ್ವೆಟರು. ಇಡೀ ಆಸ್ಪತ್ರೆ ಅವಳನ್ನು ಗಾಳದಕ್ಕ ಅಂತಲೇ ಕರೆಯುವುದು.

ಮೊದಲ ಸಲ ನನ್ನನ್ನು ಹಿಡಿದದ್ದು ಹೀಗೆ. ‘ನಾಲ್ಕನೇ ಮಹಡಿಯ ಲಾಂಡ್ರಿಯಿಂದ ದಿಂಬಿನ ಕವರುಗಳು ಕಾಣೆಯಾಗಿವೆ. ಹೊಣೆಗಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ನೋಡಲು ಇಲ್ಲಿ ಒತ್ತಿ.’ ನನ್ನ ಮೇಲೆ ಕಳ್ಳತನ ಹೊರಿಸಿದವನು ಯಾವನು ಅಂತ ಬೆರಳು ಮುರಿಯುವ ಹಾಗೆ ಒತ್ತಿದೆ. ಮೀನು ಬಂತು.

ಪಾಠಕ್ಕೆ ಹೋಗಿ ಮುಖ ಗಂಟು ಹಾಕಿಕೊಂಡು ಕೂತೆ. ಅವಳು ನನಗೆ ಚಹಾ ಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿ ಕೇಳಿದಳು: “ಮೇಸ್ತ್ರಿಗಳೇ, ನಿಮ್ಮ ಲಾಂಡ್ರಿ ಯಾವ ಮಹಡೀಲಿದೆ?”

“ನೆಲಮಾಳಿಗೇಲಿ.”

“ಮೇಲ್‌ನಲ್ಲಿ ಎಲ್ಲಿದೆ ಅಂತಿತ್ತು?”

ನಾನು ಬಿಸ್ಕತ್ತು ತಿಂದೆ.

“ಪ್ರತಿ ಗಾಳದಲ್ಲೂ ಒಂದು ಎಳೆ ಬಿಟ್ಟಿರ್ತೀನಿ ನಾನು,” ಅಂದಳು. “ತಾಳ್ಮೆಯಿಂದ ನೋಡಿದವರಿಗೆ ಅದು ಕೈಗೆ ಸಿಗಬೇಕು. ಹಿಡಿದು ಎಳೆದರೆ ಇಡೀ ಸುಳ್ಳು ಬಿಚ್ಚಿಕೊಳ್ಳಬೇಕು. ಎಳೆನೇ ಬಿಡದಿದ್ರೆ ಅದು ಪಾಠ ಅಲ್ಲ, ಹೊಡೆತ. ಒಬ್ಬೊಬ್ಬರಿಗೆ ಒಂದೊಂದು ಗಾಳ ಬೇಕು. ಕೆಲವರಿಗೆ ಬಹುಮಾನ, ಕೆಲವರಿಗೆ ಹೊಗಳಿಕೆ. ನಿಮಗೆ ಕೋಪ.”

“ನನಗೇನೂ ಕೋಪ ಇಲ್ಲ!” ಅಂತ ಕೂಗಿದೆ. ಅವಳು ನಕ್ಕಳು. ಏನು ಮಾಡೋದು, ನನಗೂ ನಗು ಬಂತು.

ಅವತ್ತಿನಿಂದ ಅವಳು ನನಗೆ ಅಕ್ಕ. ಆಮೇಲೂ ಸಿಕ್ಕಿಬಿದ್ದಿದ್ದೇನೆ. ಪಾಠದ ಕೊನೆಗೆ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದಳು: “ಮೇಲ್ ನಂಬಬೇಡಿ. ಬಂದು ಹೇಳಿದವರನ್ನೂ ನಂಬಬೇಡಿ, ನನ್ನನ್ನೂ ಸೇರಿಸಿ. ನಿಮ್ಮ ಹತ್ತಿರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳಿ.”

ಹೀಗಿರುವಾಗ ಅಳಿಯ ಬಂದ.

ಅಳಿಯ ಅಂದರೆ ಯಂತ್ರಬುದ್ಧಿ. ಕೃತಕ ಬುದ್ಧಿಮತ್ತೆ ಅಂತ ಸುತ್ತೋಲೆಯಲ್ಲಿ ಬರೆದಿದ್ದರು. ಅದಕ್ಕೊಂದು ತಣ್ಣನೆಯ ಕೋಣೆ, ಹೊಸ ಬಾಗಿಲು, ಅದರ ಯೋಗಕ್ಷೇಮ ನೋಡಲು ಕಂಪನಿಯ ಜನ. ನಮ್ಮ ಇಸ್ತ್ರಿಯವನು ನೋಡಿ ಬಂದು, “ಏನ್ ಉಪಚಾರ, ಏನ್ ಉಪಚಾರ! ಹೊಸ ಅಳಿಯನಿಗೂ ಇಷ್ಟಿಲ್ಲ,” ಅಂದ. ಹೆಸರು ನಿಂತುಬಿಟ್ಟಿತು. ಆಸ್ಪತ್ರೆಗೆ ಬರುವ ಹೋಗುವ ಮೇಲ್‌ಗಳನ್ನೆಲ್ಲ ಓದಿ ಕಳ್ಳರನ್ನು ಬಾಗಿಲಲ್ಲೇ ತಡೆಯುವುದು ಅವನ ಕೆಲಸ. ಮೊದಲು ಆ ಕೆಲಸ ಮಾಡುತ್ತಿದ್ದ ಇಬ್ಬರನ್ನು ಮನೆಗೆ ಕಳಿಸಿದರು. ನಿಜ ಹೇಳಬೇಕು, ಅಳಿಯ ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ. ಆಮೇಲೆ ಕಂಪನಿಯವರು, ಗಾಳ ಹಾಕುವುದನ್ನೂ ಇವನೇ ಮಾಡುತ್ತಾನೆ ಅಂದರು.

ಪಂದ್ಯ ಇಟ್ಟರು. ಒಂದು ತಿಂಗಳು ಅರ್ಧ ಆಸ್ಪತ್ರೆಗೆ ಅಕ್ಕನ ಗಾಳ, ಉಳಿದರ್ಧಕ್ಕೆ ಅಳಿಯನದು. ಯಾರ ಕೊಕ್ಕೆಗೆ ಹೆಚ್ಚು ಮೀನು ಬೀಳುತ್ತದೋ ಅವರಿಗೆ ಕೆಲಸ. ಅಕ್ಕ ಸೋತರೆ ಅವಳ ಕುರ್ಚಿ ಖಾಲಿ. ಇದು ನೆಲಮಾಳಿಗೆಯವರೆಗೂ ಎಲ್ಲರಿಗೂ ಗೊತ್ತಿತ್ತು. ನಾವು ಯಾರ ಪಾಲಿಗೆ ಬಿದ್ದಿದ್ದೇವೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ನಮಗೆ ಮಕ್ಕಳಾಗಲಿಲ್ಲ. ನಾನೂ ನನ್ನ ಹೆಂಡತಿಯೂ ದತ್ತು ಕೇಂದ್ರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆವು. ನಮ್ಮ ವಯಸ್ಸಿಗೆ ಕೂಸು ಸಿಗುವುದಿಲ್ಲ, ಸ್ವಲ್ಪ ದೊಡ್ಡ ಮಗುವೇ ಸಿಗುವುದು ಅಂದಿದ್ದರು. ಆಗಲಿ ಅಂದಿದ್ದೆವು. ಕೇಂದ್ರದ ಅಧಿಕಾರಿಣಿ ಮನೆಗೆ ಬಂದು, ಗೋಡೆ ಮುಟ್ಟಿ ನೋಡಿ, ನನ್ನನ್ನು “ನಿಮಗೆ ಕೋಪ ಜಾಸ್ತಿನಾ?” ಅಂತ ಕೇಳಿ ಹೋಗಿದ್ದಳು. ನನ್ನ ಹೆಂಡತಿ, “ಸದ್ದು ಜಾಸ್ತಿ ಮೇಡಂ, ಕೋಪ ಅಷ್ಟಿಲ್ಲ,” ಅಂದಿದ್ದಳು. ಅರ್ಜಿಯಲ್ಲಿ ನಾನು ಕೊಟ್ಟಿದ್ದು ಆಸ್ಪತ್ರೆಯ ಮೇಲ್ ವಿಳಾಸ. ನನಗೆ ಇದ್ದದ್ದೇ ಅದೊಂದು.

ಒಂದು ಮಧ್ಯಾಹ್ನ ಬಟ್ಟೆ ಎಣಿಸುತ್ತಿದ್ದಾಗ ಫೋನಿಗೆ ಮೇಲ್ ಬಂತು. ದತ್ತು ಕೇಂದ್ರದಿಂದ. ‘ನಿಮ್ಮ ದೀರ್ಘ ಕಾಯುವಿಕೆ ಮುಗಿಯಿತು. ನಿಮಗಾಗಿ ಒಂದು ಮಗು ಗುರುತಾಗಿದೆ. ಮಗುವಿನ ಫೋಟೋ ನೋಡಲು ಇಲ್ಲಿ ಒತ್ತಿ.’

ನಾನು ಒತ್ತಲಿಲ್ಲ. ಮೊದಲು ಹೆಂಡತಿಗೆ ಫೋನ್ ಮಾಡಿದೆ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಕೆಲಸದ ಹೊತ್ತಲ್ಲಿ ಫೋನ್ ಎತ್ತುವುದಿಲ್ಲ. ಅವತ್ತು ಎತ್ತಿದಳು.

“ಬಂದಿದೆ ಕಣೇ,” ಅಂದೆ.

ಏನು ಬಂದಿದೆ ಅಂತ ಕೇಳಲಿಲ್ಲ. “ತೆಗೀರಿ,” ಅಂದಳು. ಅವಳ ಕಿಟಕಿಯ ಮುಂದೆ ಜನ ಕೂಗಾಡುವುದು ನನಗೆ ಕೇಳಿಸುತ್ತಿತ್ತು. “ತೆಗೀರಿ, ನಾನು ಇಲ್ಲೇ ಇದೀನಿ.”

ಒತ್ತಿದೆ. ಪರದೆ ಕೆಂಪಗಾಯಿತು.

“ಏನ್ರೀ? ಹೆಣ್ಣಾ, ಗಂಡಾ?”

ಮೀನು ನನ್ನನ್ನೇ ನೋಡುತ್ತಿತ್ತು.

“ರೀ, ಹೇಳ್ರೀ. ಮುಖ ಹೇಗಿದೆ? ನಗ್ತಾ ಇದೆಯಾ?”

“ಸುಳ್ಳು ಮೇಲ್ ಕಣೇ,” ಅಂತ ಹೇಗೋ ಅಂದೆ. ಆ ಕಡೆ ಜನರ ಗಲಾಟೆ ಹಾಗೇ ಇತ್ತು. “ಸರಿ, ಇಲ್ಲಿ ಸಾಲು ಬೆಳೀತಿದೆ,” ಅಂತ ಇಟ್ಟುಬಿಟ್ಟಳು.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಅಕ್ಕನ ಬಾಗಿಲು ಗೋಡೆಗೆ ಬಡಿಯುವ ಹಾಗೆ ತಳ್ಳಿದೆ. ಏನೇನು ಬೈದೆನೋ ಇಲ್ಲಿ ಬರೆಯುವಂಥದ್ದಲ್ಲ. “ನಿಮಗೇನು ಹೃದಯ ಇದೆಯಾ ಇಲ್ವಾ? ಮಗು ಮುಂದಿಟ್ಟುಕೊಂಡು ಗಾಳ ಹಾಕ್ತೀರಾ?” ಅಂತ ಕೊನೆಗೆ ಅಂದೆ.

ಅಕ್ಕ ನನ್ನ ಫೋನ್ ತೆಗೆದುಕೊಂಡು ಮೇಲ್ ಓದಿದಳು. ಕನ್ನಡಕ ತೆಗೆದಳು. ಮುಖದ ಬಣ್ಣ ಹೋಗಿತ್ತು.

“ಎಳೆ ಎಲ್ಲಿದೆ ಇದರಲ್ಲಿ?” ಅಂತ ತನಗೇ ಕೇಳಿಕೊಂಡಳು. “ಎಳೆನೇ ಇಲ್ಲ.”

ಆಗ ನನಗೆ ಗೊತ್ತಾಯಿತು, ನಾನು ಅಳಿಯನ ಪಾಲಿನವನು. ಮೇಲ್‌ಗಳನ್ನೆಲ್ಲ ಓದುವವನಿಗೆ ನಾನು ಏನಕ್ಕೆ ಕಾಯುತ್ತಿದ್ದೇನೆ ಅಂತ ಗೊತ್ತಿತ್ತು. ಅದನ್ನೇ ಕೊಕ್ಕೆಗೆ ಸಿಕ್ಕಿಸಿದ.

“ನಿಮ್ಮ ಅರ್ಜಿ ವಿಷಯ ನನಗೂ ಗೊತ್ತಿತ್ತು,” ಅಂದಳು ಅಕ್ಕ. “ಇಸ್ತ್ರಿಯವನು ಹೇಳಿದ್ದ. ಮಕ್ಕಳು, ಕಾಯಿಲೆ, ಸಾವು, ಇವನ್ನ ನಾನು ಮುಟ್ಟಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ ಇದು, ಹಾಗಾಗಿ ಯಾರೂ ಅವನಿಗೂ ಹೇಳಿಕೊಟ್ಟಿಲ್ಲ. ಅವನಿಗೆ ಹೇಳಿದ್ದು ಒಂದೇ, ಹಿಡಿ ಅಂತ. ಹಿಡಿದ.” ಆಮೇಲೆ, “ತಂಗಿ ಹೇಗಿದ್ದಾರೆ?” ಅಂತ ಕೇಳಿದಳು. ತಂಗಿ ಅಂದದ್ದು ನನ್ನ ಹೆಂಡತಿಯನ್ನು.

ಬಾಗಿಲು ಎಳೆದುಕೊಂಡು ಇಳಿದು ಬಂದೆ. ಮನೆಗೆ ಹೋದಾಗ ಹೆಂಡತಿ ಎಂದಿನಂತೆ ಅಡುಗೆ ಮಾಡಿದ್ದಳು. ಮಗುವಿಗೆ ಅಂತ ತಂದಿಟ್ಟಿದ್ದ ಹಳದಿ ಕಂಬಳಿ ಮಂಚದ ಮೇಲಿಂದ ಬೀರುವಿನ ಮೇಲಿನ ಹಲಗೆಗೆ ಹೋಗಿತ್ತು.

ಅಳಿಯ ಭರ್ಜರಿಯಾಗಿ ಗೆದ್ದ. ಹಿಂದೆಂದೂ ಇಷ್ಟು ಮೀನು ಬಿದ್ದಿರಲಿಲ್ಲ ಅಂತ ಕಂಪನಿಯವರು ಸಿಹಿ ಹಂಚಿದರು. ಔಷಧಿ ಕೊಠಡಿಯವಳಿಗೆ ತಾಯಿಯ ರಕ್ತಪರೀಕ್ಷೆಯ ವರದಿ ಅಂತ ಕಳಿಸಿದ್ದನಂತೆ. ಕಾವಲುಗಾರನಿಗೆ ಮಾತು ಬಿಟ್ಟ ತಮ್ಮನ ಹೆಸರಲ್ಲಿ. ಇಡೀ ಆಸ್ಪತ್ರೆ ಹೆದರಿಹೋಯಿತು. ಯಾವ ಮೇಲ್ ಬಂದರೂ ‘ಅನುಮಾನ’ ಅನ್ನುವ ಗುಂಡಿ ಒತ್ತುವುದೇ ಕೆಲಸವಾಯಿತು. ಒತ್ತಿದರೆ ಮೇಲ್ ಕಣ್ಮುಂದಿಂದ ಮಾಯ. ಪರದೆಯಲ್ಲಿ ಹಸಿರು ಗೆರೆಯ ಜೊತೆ ‘ಶಭಾಷ್! ನೀವು ಜಾಗರೂಕರು’ ಅಂತ ಬರುತ್ತದೆ. ಇಸ್ತ್ರಿಯವನು ಒಂದೇ ಬೆಳಿಗ್ಗೆಯಲ್ಲಿ ಒಂದು ಬುಟ್ಟಿ ಶಭಾಷ್ ಗಳಿಸಿದ.

ನಾನೂ ಗಳಿಸಿದೆ. ದತ್ತು ಕೇಂದ್ರದ ಹೆಸರಲ್ಲಿ ಇನ್ನೊಂದು ಮೇಲ್ ಬಂತು. ಪೂರ್ತಿ ಓದಲೂ ಇಲ್ಲ. “ಬಂದ್ಯಾ ಮತ್ತೆ, ನಾಚಿಕೆಗೆಟ್ಟವನೇ,” ಅಂತ ಗುಂಡಿ ಒತ್ತಿದೆ. ಹಸಿರು ಗೆರೆ ಬಂತು. ಆ ಕ್ಷಣಕ್ಕೆ ಎದೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಕೆಲವು ದಿನ ಕಳೆದವು. ಅಕ್ಕನ ಕೋಣೆ ಖಾಲಿ ಮಾಡುತ್ತಿದ್ದಾರೆ ಅಂತ ಸುದ್ದಿ ಬಂತು. ಹೋಗಿ ಮಾತಾಡಿಸಬೇಕು ಅನ್ನಿಸಿತು, ಬೈದು ಬಂದ ಬಾಯಿ, ಕಾಲೇ ಏಳಲಿಲ್ಲ. ಅವತ್ತೇ ಊಟದ ಹೊತ್ತಿಗೆ ಅವಳೇ ನೆಲಮಾಳಿಗೆಗೆ ಬಂದಳು. ಅಲ್ಲಿಗೆ ಅವಳು ಬಂದದ್ದು ಅದೇ ಮೊದಲು. ಹಬೆಗೆ ಕನ್ನಡಕ ಮಂಜಾಗಿ, ಅದನ್ನು ಸ್ವೆಟರಿಗೆ ಒರೆಸಿಕೊಳ್ಳುತ್ತಾ ಹುಡುಕಿಕೊಂಡು ಬಂದಳು.

“ಮೇಸ್ತ್ರಿಗಳೇ, ನೀವು ಅನುಮಾನ ಅಂತ ಒತ್ತಿದ ಮೇಲ್ ಇದೆಯಲ್ಲ, ಕೇಂದ್ರದ್ದು. ಅದು ನಿಜವಾದದ್ದು ಅನ್ನಿಸುತ್ತೆ.”

ನಾನು ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. “ಅನ್ನಿಸುತ್ತಾ?”

“ನೀವೆಲ್ಲ ಒತ್ತಿದ ಮೇಲ್‌ಗಳು ಒಂದು ಕಡೆ ರಾಶಿ ಬೀಳ್ತವೆ. ಅಳಿಯ ಅದನ್ನ ಹಾಗೇ ಬೀಗ ಹಾಕಿ ಇಡ್ತಾನೆ. ಒಳಗಿನವರೇ ಅನುಮಾನ ಪಟ್ಟಿದ್ದಾರೆ ಅಂದ್ಮೇಲೆ ಅವನಿಗೂ ಅನುಮಾನನೇ. ಹೋಗೋ ಮುಂಚೆ ಒಂದು ಸಲ ಕಣ್ಣಾಡಿಸೋಣ ಅಂತ ಕೂತೆ. ನಾಳೆ ಸಂಜೆಯೊಳಗೆ ನೀವು ಒಪ್ಪಿಗೆ ಹೇಳಬೇಕು ಅಂತಿದೆ ಅದರಲ್ಲಿ.”

ನನ್ನ ತಲೆಗೆ ಏನೋ ಏರಿತು. “ಕುರ್ಚಿ ಹೋಗ್ತಿದೆ ಅಂತ ಹೀಗೆ ಮಾಡ್ತಿದೀರಾ? ನಾನೊಬ್ಬ ಇನ್ನೊಂದು ಸಲ ಬಿದ್ದರೆ ನಿಮ್ಮ ಲೆಕ್ಕಕ್ಕೆ ಒಂದು ಮೀನು ಜಾಸ್ತಿ ಆಗುತ್ತಾ?”

ಇಸ್ತ್ರಿಯವನು ಪೆಟ್ಟಿಗೆ ಎತ್ತಿಹಿಡಿದು ಹಾಗೇ ನಿಂತ. ಯಂತ್ರಗಳ ಸದ್ದಿನಲ್ಲೂ ನನ್ನ ಮಾತು ಎಲ್ಲರಿಗೂ ಕೇಳಿಸಿತ್ತು.

ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ಒಗೆದ ಬಟ್ಟೆಯ ಗಂಟಿನ ಮೇಲೆ ಕೂತಳು. “ಸರಿಯಾಗೇ ಮಾತಾಡ್ತಿದೀರಿ,” ಅಂದಳು. “ನಾನು ಕಲಿಸಿದ್ದೇ ಅದು. ನನ್ನನ್ನ ನಂಬಬೇಡಿ. ಮನೆಗೆ ಬಂದಿದ್ದ ಆ ಮೇಡಂ ನಂಬರ್ ನಿಮ್ಮ ಫೋನಲ್ಲಿ ಇದೆಯಲ್ಲ, ಈ ಮೇಲ್‌ಗಿಂತ ಮುಂಚಿನದು? ಅದಕ್ಕೆ ಮಾಡಿ.”

ಫೋನ್ ಕೈಗೆ ತೆಗೆದುಕೊಂಡೆ. ಬೆರಳು ಮುಂದೆ ಹೋಗಲಿಲ್ಲ. ಬೈಯುವುದಕ್ಕೆ ನಾನು ಎಂದೂ ಹಿಂದೆಮುಂದೆ ನೋಡಿದವನಲ್ಲ. ಆದರೆ ಆ ಕಡೆಯಿಂದ ‘ಇಲ್ಲ, ನಾವು ಕಳಿಸಿಲ್ಲ’ ಅನ್ನುವ ಒಂದು ಮಾತು ಕೇಳುವುದಕ್ಕೆ ಧೈರ್ಯವಿರಲಿಲ್ಲ. ಕೆಂಪು ಪರದೆಯೇ ವಾಸಿ. ಅದಕ್ಕೆ ಉಗಿಯಬಹುದು.

“ಕೂತಿರ್ತೀನಿ,” ಅಂದಳು ಅಕ್ಕ. “ಅವಸರ ಇಲ್ಲ. ನನಗೂ ಮೇಲೆ ಏನೂ ಕೆಲಸ ಉಳಿದಿಲ್ಲ.”

ಅವಳು ಪಕ್ಕದಲ್ಲಿದ್ದ ದಿಂಬಿನ ಕವರು ತೆಗೆದುಕೊಂಡು ಮಡಿಸತೊಡಗಿದಳು. ತಪ್ಪು ತಪ್ಪಾಗಿ ಮಡಿಸುತ್ತಿದ್ದಳು. ಅದನ್ನು ನೋಡಲಾರದೆ ಫೋನ್ ಮಾಡಿದೆ.

ನನ್ನ ಹೆಸರು ಕೇಳಿದ ಕೂಡಲೇ ಅಧಿಕಾರಿಣಿ ಶುರುಮಾಡಿದಳು: “ಎಲ್ಲಿ ಹೋಗಿದ್ರೀ ನೀವು? ಮೇಲ್ ಹಾಕಿ ಎಷ್ಟು ದಿನ ಆಯ್ತು! ನಿಮಗೆ ಮನಸ್ಸು ಬದಲಾಯ್ತೇನೋ ಅಂದುಕೊಂಡೆ. ನಾಳೆ ದಾಟಿದ್ರೆ ಮುಂದಿನವರಿಗೆ ಹೋಗ್ತಿದ್ದಳು ಹುಡುಗಿ.”

ಹುಡುಗಿ.

ಜೀವಮಾನದಲ್ಲಿ ಅಷ್ಟು ಬೈಗುಳವನ್ನು ಅಷ್ಟು ಸಂತೋಷದಿಂದ ಕೇಳಿದ್ದಿಲ್ಲ. ಗೋಡೆಗೆ ಒರಗಿ, “ಬೈರಿ ಮೇಡಂ, ಇನ್ನೂ ಬೈರಿ,” ಅಂದೆ. ಇಸ್ತ್ರಿಯವನ ಪೆಟ್ಟಿಗೆ ಕೆಳಗೆ ಹೊಗೆ ಏಳುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ. ಅಕ್ಕ ಕನ್ನಡಕ ಒರೆಸುತ್ತಿದ್ದಳು. ಆ ಸಲ ಹಬೆಗಲ್ಲ.

ಅಕ್ಕನೇ ಮೇಲ್ ಬಿಡಿಸಿ ನನ್ನ ಫೋನಿಗೆ ತಂದುಕೊಟ್ಟಳು. ನಾನು ಬಸ್ ನಿಲ್ದಾಣಕ್ಕೆ ಹೋಗಿ, ಹೆಂಡತಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಮಧ್ಯೆ ನುಗ್ಗಿದ್ದರೆ ಜನ ಹೊಡೆಯುತ್ತಿದ್ದರು. ನನ್ನ ಸರದಿ ಬಂದಾಗ ಅವಳು ತಲೆ ಎತ್ತದೆ, “ಎಲ್ಲಿಗೆ?” ಅಂದಳು.

ಕಿಟಕಿಯ ಸಂದಿಯಲ್ಲಿ ಫೋನ್ ತೂರಿಸಿದೆ.

ಅವಳು ನೋಡಿದಳು. ನನ್ನನ್ನು ನೋಡಿದಳು. ಮುಖದಲ್ಲಿ ಏನೂ ಕದಲಲಿಲ್ಲ. “ಫೋನ್ ಮಾಡಿ ಕೇಳಿದ್ರಾ?”

“ಕೇಳಿದೆ. ಆ ಮೇಡಂ ದನಿಯೇ. ಚೆನ್ನಾಗಿ ಬೈದಳು.”

ಆಗ ಅವಳು ಮತ್ತೆ ಫೋಟೋ ನೋಡಿದಳು. ಹಿಂದೆ ಯಾರೋ, “ಏನಮ್ಮಾ, ಬಸ್ಸು ಹೋಗುತ್ತೆ!” ಅಂತ ಕೂಗಿದ. ಅವಳು ಬೆರಳಿನಿಂದ ಪರದೆ ಸವರಿ, “ಕಿವಿ ಎಷ್ಟು ದೊಡ್ಡದು ನೋಡ್ರೀ,” ಅಂದಳು. “ನಗ್ತಾ ಇಲ್ಲ. ಪರವಾಗಿಲ್ಲ.” ಹಾಗೆಂದವಳೇ ಕಿಟಕಿಯ ಪರದೆ ಎಳೆದುಬಿಟ್ಟಳು. ಅಷ್ಟು ವರ್ಷದ ಕೆಲಸದಲ್ಲಿ ಸಾಲು ನಿಂತಿರುವಾಗ ಅವಳು ಹಾಗೆ ಮಾಡಿದ್ದು ಅದೊಂದೇ ಸಲ.

ಮಾರನೇ ದಿನ ಕೇಂದ್ರಕ್ಕೆ ಒಪ್ಪಿಗೆ ಹೇಳಿ, ನಾನು ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಆಕೆ ಗಟ್ಟಿ ಹೆಂಗಸು, ಡಾಕ್ಟರುಗಳೇ ಆಕೆಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಗಿಲು ದಾಟಿದ ಮೇಲೆ ಒಂದೂ ನೆನಪಾಗಲಿಲ್ಲ, ಬರೀ ಕೂಗಾಡಿದೆ. ಅಕ್ಕನನ್ನು ಕಳಿಸಿದರೆ ನಾನೂ ಹೋಗುತ್ತೇನೆ ಅಂದೆ. ಅಳಿಯನನ್ನು ವಾಷಿಂಗ್ ಮೆಷಿನ್‌ಗೆ ಹಾಕುತ್ತೇನೆ ಅಂದೆ.

“ಕೂತ್ಕೊಳ್ರೀ ಮೇಸ್ತ್ರಿ. ನನಗೆ ಕಿವಿ ಸರಿಯಾಗೇ ಕೇಳಿಸುತ್ತೆ,” ಅಂದಳು ಆಕೆ. “ನಾನು ಕಳಿಸಿದ ರಜೆ ಪಟ್ಟಿನ ನಿಮ್ಮ ಲಾಂಡ್ರಿಯವರು ಎಷ್ಟು ಜನ ಓದಿದ್ರು?”

ನಾನು ಕೂತೆ. ಎಲ್ಲರೂ ಅನುಮಾನ ಅಂತ ಒತ್ತಿದ್ದೆವು.

“ಒಬ್ಬರೂ ಓದಿಲ್ಲ. ಎಲ್ಲರಿಗೂ ಶಭಾಷ್ ಸಿಕ್ಕಿದೆ. ಆಸ್ಪತ್ರೆ ಪೂರ್ತಿ ಹೀಗೇ ಆಗಿದೆ. ಕಳ್ಳನ್ನೂ ನಂಬಲ್ಲ, ನನ್ನನ್ನೂ ನಂಬಲ್ಲ. ಇನ್ನು ನಾನು ಆಸ್ಪತ್ರೆ ನಡೆಸೋದು ಹೇಗೆ?” ಆಕೆ ಒಂದು ಕಾಗದ ನನ್ನ ಕಡೆ ತಿರುಗಿಸಿದಳು. “ನೀವು ಬರೋ ಮುಂಚೆನೇ ರುಜು ಮಾಡಿದೀನಿ. ಇಷ್ಟು ಕೂಗಬೇಕಾಗಿರಲಿಲ್ಲ. ಅಳಿಯ ಇರ್ತಾನೆ. ಬಾಗಿಲು ಕಾಯೋದರಲ್ಲಿ ಅವನ ಸಮ ಯಾರೂ ಇಲ್ಲ, ಹೋದ ಇಬ್ಬರೂ ವಾಪಸ್ ಬರಲ್ಲ. ಆದ್ರೆ ಅವನು ಬರೆದ ಗಾಳ ನಿಮ್ಮ ಅಕ್ಕ ಓದದೆ ಹೊರಗೆ ಹೋಗಲ್ಲ. ನೀವೆಲ್ಲ ಒತ್ತೋ ಆ ರಾಶಿನೂ ಅವರೇ ಓದ್ತಾರೆ. ಮುಂದಿನ ವರ್ಷದ ಮಾತು ನನಗೆ ಗೊತ್ತಿಲ್ಲ, ಈ ವರ್ಷ ಇಷ್ಟು.”

ನಾನು ಎದ್ದು ನಿಂತೆ.

“ಹುಡುಗಿಗೆ ಎಷ್ಟು ವಯಸ್ಸು?” ಅಂತ ಆಕೆ ಕಾಗದದಿಂದ ತಲೆ ಎತ್ತದೆ ಕೇಳಿದಳು.

“ಐದು ಮೇಡಂ.”

“ಅವಳ ಮುಂದೆ ಹೀಗೆ ಕೂಗಬೇಡಿ.”

ಲಿಫ್ಟಿನ ಪಕ್ಕದ ಕೋಣೆ ಮಾತ್ರ ಅಕ್ಕನಿಗೆ ವಾಪಸ್ ಸಿಗಲಿಲ್ಲ. ಟೆಲಿಫೋನ್ ಆಪರೇಟರ್ ಹಿಂದಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಟ್ಟರು.

ಪುಟ್ಟಿ ನಮ್ಮ ಮನೆಗೆ ಬಂದಳು. ಹಳದಿ ಕಂಬಳಿ ಬೀರುವಿನಿಂದ ಇಳಿಯಿತು. ಮೊದಮೊದಲು ಅವಳು ಏನು ಕೊಟ್ಟರೂ ಕೈ ಚಾಚುತ್ತಿರಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡ ಮನೆಗಳನ್ನು ನೋಡಿದ್ದಳೋ ಏನೋ. ನಾನು ಎಷ್ಟು ಮೆಲ್ಲಗೆ ಮಾತಾಡಲು ಕಲಿತೆನೆಂದರೆ ಇಸ್ತ್ರಿಯವನು, “ಅಣ್ಣಾ, ಗಂಟಲು ನೋವಾ?” ಅಂತ ಕೇಳಿದ.

ಒಂದು ದಿನ ಮೇಲ್ ಬಂತು. ‘ನಾಲ್ಕನೇ ಮಹಡಿಯ ಲಾಂಡ್ರಿಯಿಂದ ಹೊದಿಕೆಗಳು ಕಾಣೆಯಾಗಿವೆ. ಹೊಣೆಗಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ.’

ನಾಲ್ಕನೇ ಮಹಡಿ. ಎಳೆ ಕಣ್ಣಿಗೇ ಚುಚ್ಚುತ್ತಿತ್ತು. ನೆಲಮಾಳಿಗೆಯಲ್ಲಿ ನಿಂತು ಒಬ್ಬನೇ ನಕ್ಕೆ, ಆಮೇಲೆ ಒತ್ತಿದೆ. ಮೀನು ಬಂತು.

ಪಾಠದ ದಿನ ಪುಟ್ಟಿಯ ಕೈಹಿಡಿದುಕೊಂಡು ಹೋದೆ. ಅಕ್ಕ ಮೂಲೆಯ ಮೇಜಿನಿಂದ ಎದ್ದಳು. ಅದೇ ಬೂದು ಸ್ವೆಟರು. “ಎಳೆ ಕಾಣಲಿಲ್ವಾ ಮೇಸ್ತ್ರಿಗಳೇ?”

“ಕಾಣ್ತು.”

“ಮತ್ಯಾಕೆ ಒತ್ತಿದ್ರಿ?”

“ಪಾಠಕ್ಕೆ ಬೇರೆ ದಾರಿ ಇಲ್ಲವಲ್ಲ ಅಕ್ಕಾ.” ಪುಟ್ಟಿಯನ್ನು ಮುಂದೆ ಬಿಟ್ಟು, “ಇವರು ಅತ್ತೆ,” ಅಂದೆ.

ಅಕ್ಕ ಬಗ್ಗಿ ಕೂತು ಬಿಸ್ಕತ್ತಿನ ಡಬ್ಬಿ ತೆರೆದು ಹಿಡಿದಳು. ಪುಟ್ಟಿ ಬಿಸ್ಕತ್ತು ನೋಡಿದಳು, ಅಕ್ಕನನ್ನು ನೋಡಿದಳು. ಆಮೇಲೆ ತಿರುಗಿ, ತಗೊಳ್ಳಲಾ ಅನ್ನುವ ಹಾಗೆ, ನನ್ನ ಮುಖ ನೋಡಿದಳು.

“ಭೇಷ್,” ಅಂದಳು ಅಕ್ಕ ಮೆಲ್ಲಗೆ. “ನಿಮಗಿಂತ ಬೇಗ ಕಲಿತಿದಾಳೆ.”

ನಾನು ತಲೆ ಆಡಿಸಿದೆ. ಪುಟ್ಟಿ ಒಂದು ತಗೊಂಡಳು. ಸ್ವಲ್ಪ ಯೋಚಿಸಿ, ಅಮ್ಮನಿಗೆ ಅಂತ ಇನ್ನೊಂದು ತಗೊಂಡಳು.